ಲೇಖಕಿಯರ ಹೆಸರು ಮತ್ತು ದನಿ

ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಆಯ್ದಕ್ಕಿ ಲಕ್ಕಮ್ಮನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಗಂಡ ಮಾರಯ್ಯನ ಕಾಯಕವಾಗಿತ್ತು. ಆ ಅಕ್ಕಿಯಿಂದಲೇ ಅವರ ಮನೆಯ ದಾಸೋಹ ನಡೆಯಬೇಕು. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚಾಗಿ ತಂದನು. ಲಕ್ಕಮ್ಮ ಅದನ್ನು ಒಲೆಯ ಬಳಿಗೆ ಬಿಟ್ಟುಕೊಳ್ಳಲಿಲ್ಲ. ದಿನದ ಅಳತೆಗೆ ಮೀರಿದ್ದು ನಮ್ಮದಲ್ಲವೆಂದು ಹಿಂದಕ್ಕೆ ಕಳುಹಿಸಿದಳು. ಗಂಡನ ತಪ್ಪನ್ನು ಹೀಗೆ ಎತ್ತಿ ಹೇಳಿದ ಈಕೆಯ ವಚನಗಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬುದು. ಅಂಕಿತದಲ್ಲಿ ಇರುವುದು ಗಂಡನ ಹೆಸರು. ವಚನದಲ್ಲಿ ಕೇಳಿಸುವುದು ಹೆಂಡತಿಯ ದನಿ.

ಹೆಸರು ಒಬ್ಬರದು, ದನಿ ಇನ್ನೊಬ್ಬರದು ಎಂಬ ಈ ಸಂಗತಿ ಕನ್ನಡದ ಹೆಣ್ಣುಮಕ್ಕಳ ಬರವಣಿಗೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಸ್ತ್ರೀಯರಿಗೆ ಹಿಂದೆ ಓದುಬರಹ ನಿಷಿದ್ಧವಾಗಿತ್ತು, ಈಗ ಆ ಅಡ್ಡಿ ತೊಲಗಿತು, ಆದುದರಿಂದ ಅವರು ಬರೆಯತೊಡಗಿದರು ಎಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಲೇಖನಿ ಕೈಗೆ ಬಂದ ಕೂಡಲೆ ದನಿ ಬಂದೀತೆಂಬ ಭರವಸೆಯಿಲ್ಲ. ಬಾಯಿ ಮುಚ್ಚಿಸುವುದಕ್ಕೆ ಬಾಯಿಗೆ ಕೈ ಅಡ್ಡ ಇಡಬೇಕಾದ ಅಗತ್ಯವೂ ಇಲ್ಲ. ಇಂಥದನ್ನು ಬರೆದರೆ ಮೆಚ್ಚುತ್ತೇವೆ ಎಂದರೆ ಸಾಕು. ಇಷ್ಟೇ ತಾನೆ ನೀವು ಬರೆಯುವುದು ಎಂದರೂ ಸಾಕು. ಕನ್ನಡದ ಕೆಲವರು ಲೇಖಕಿಯರ ವಿಷಯದಲ್ಲಿ ಈ ಕೆಲಸ ಹೇಗೆ ಹೇಗೆ ನಡೆಯಿತು, ಅದನ್ನು ದಾಟಿ ಅವರು ತಮ್ಮ ಮಾತನ್ನು ಹೇಗೆ ಕಂಡುಕೊಂಡರು ಎಂಬುದನ್ನು ಇಲ್ಲಿ ನೋಡಬಹುದು.

ಶರಣೆಯರ ಕಾಲ ಕಳೆದ ಮೇಲೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಹೆಂಗಸರ ಹೆಸರುಗಳು ಬೆರಳೆಣಿಕೆಗೆ ಇಳಿಯುತ್ತವೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಹೊನ್ನಮ್ಮನೆಂಬ ಊಳಿಗದ ಹೆಣ್ಣು ಇದ್ದಳು. ಎಲೆಯಡಕೆಯ ಸಂಚಿಯನ್ನು ಹಿಡಿಯುವುದು ಆಕೆಯ ಕೆಲಸ. ಆಕೆ ಸಾಂಗತ್ಯದಲ್ಲಿ ಬರೆದ ‘ಹದಿಬದೆಯ ಧರ್ಮ’ ಪತಿವ್ರತೆಯ ಕರ್ತವ್ಯಗಳನ್ನು ಹೇಳುವ ಗ್ರಂಥ. ಅರಮನೆಯ ಆಶ್ರಯದಲ್ಲಿ, ಅರಮನೆಗೆ ಒಪ್ಪುವ ವಸ್ತುವನ್ನು ಹಿಡಿದು ಬರೆದ ಕಾವ್ಯವಾದುದರಿಂದ ಅದರಲ್ಲಿ ಹೊಸದೇನಿದ್ದೀತು ಎನಿಸುವುದು ಸಹಜ. ಆದರೆ ಧರ್ಮೋಪದೇಶದ ನಡುವೆ ಒಂದು ಕಡೆ ಆಕೆ ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರ ಕಡೆಗೆ ತಿರುಗಿ, ನಿಮ್ಮನ್ನು ಹೆತ್ತು ಸಾಕಿದವಳು ಯಾರು ಎಂಬ ಅರ್ಥದ ಪ್ರಶ್ನೆಯನ್ನು ಹಾಕುತ್ತಾಳೆ. ಕೆಲವೇ ಸಾಲುಗಳು, ಇಡೀ ಕಾವ್ಯದಲ್ಲಿ ಜನರ ಬಾಯಲ್ಲಿ ಉಳಿದುಕೊಂಡವೂ ಅವೇ. ಆಕೆಯ ಹೆಸರಾದರೋ ಇಂದಿಗೂ ಊಳಿಗದೊಂದಿಗೇ ಅಂಟಿಕೊಂಡಿದೆ: ಸಂಚಿ ಹೊನ್ನಮ್ಮ.

ಇನ್ನು ಹೆಸರೇ ಇಲ್ಲದ ದನಿಗಳ ಮಾತು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ನಮ್ಮ ಹಳ್ಳಿಯ ಹೆಂಗಸರು ಕಟ್ಟಿದ ತ್ರಿಪದಿಗಳಿಗೆ ಲೆಕ್ಕವಿಲ್ಲ. ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಅವುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಅದು ಕನ್ನಡಕ್ಕೆ ದೊಡ್ಡ ಉಪಕಾರ. ಸಂಗ್ರಾಹಕರ ಹೆಸರುಗಳು ನಮಗೆ ತಿಳಿದಿವೆ. ಆ ಹಾಡುಗಳನ್ನು ಮೊದಲು ಕಟ್ಟಿದ ಗರತಿಯರ ಹೆಸರುಗಳು ಬೀಸುವ ಕಲ್ಲಿನ ಮುಂದೆಯೇ ಉಳಿದವು.

ಅಚ್ಚಿನ ಯುಗದಲ್ಲಿ ಮೊದಲು ನೆನೆಯಬೇಕಾದ ಹೆಸರು ನಂಜನಗೂಡು ತಿರುಮಲಾಂಬಾ ಅವರದು. 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಇವರಿಗೆ ಹತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ ಪ್ರಾಪ್ತವಾಯಿತು. ಆ ಕಾಲದ ಬಾಲವಿಧವೆಯ ಪಾಡು ಏನೆಂಬುದನ್ನು ನಮ್ಮ ಹಿರಿಯರು ಬಲ್ಲರು. ಮನೆಯ ಒಳಕೋಣೆ, ಮಡಿಯ ಅಡುಗೆ, ಶುಭಕಾರ್ಯಗಳಲ್ಲಿ ಮುಖ ಮರೆಸಿಕೊಳ್ಳುವುದು, ಇಷ್ಟೇ ಅವಳ ಪ್ರಪಂಚ. ತಿರುಮಲಾಂಬಾ ಅವರ ಅದೃಷ್ಟಕ್ಕೆ ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ಮಗಳ ಮುಂದೆ ಪುಸ್ತಕಗಳನ್ನು ಇಟ್ಟರು. ಮಗಳು ಓದಿದಳು, ನೆರೆಯ ಹುಡುಗಿಯರನ್ನು ಕೂರಿಸಿಕೊಂಡು ಓದಿಸಿದಳು, ಆಮೇಲೆ ಬರೆದಳು.

ಬರೆದುದನ್ನು ಅಚ್ಚು ಮಾಡುವವರು ಯಾರು? ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಬಹಳ ಧೈರ್ಯದ್ದು. 1913ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿದರು. ‘ಸುಶೀಲೆ’ ಎಂಬ ಕಾದಂಬರಿ ಹೊರಬಂದು ಜನಪ್ರಿಯವಾಯಿತು. ಕೆಲವೇ ವರ್ಷಗಳಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ, ಅದು ನಿಂತ ಮೇಲೆ ‘ಸನ್ಮಾರ್ಗದರ್ಶಿನಿ’ ಎಂಬ ಇನ್ನೊಂದು. ಕಾದಂಬರಿ, ನಾಟಕ, ಪ್ರಬಂಧ, ಪತ್ತೇದಾರಿ ಕಥೆ, ಕಾಗದಗಳ ರೂಪದ ಕಥನ, ಹೀಗೆ ಅವರು ಕೈ ಇಡದ ಪ್ರಕಾರವಿಲ್ಲ. ಹೊಸಗನ್ನಡದ ಮೊದಲ ಲೇಖಕಿ, ಮೊದಲ ಪ್ರಕಾಶಕಿ, ಮೊದಲ ಪತ್ರಿಕೋದ್ಯಮಿ ಎಂದು ಅವರನ್ನು ಕರೆಯುವುದು ವಾಡಿಕೆ. ಗಂಡಸರೇ ಕೈಸುಟ್ಟುಕೊಳ್ಳುತ್ತಿದ್ದ ಪತ್ರಿಕೆಯ ವ್ಯವಹಾರಕ್ಕೆ ಒಬ್ಬ ಬಾಲವಿಧವೆ ನಂಜನಗೂಡಿನಲ್ಲಿ ಕುಳಿತು ಇಳಿದರು ಎಂಬುದನ್ನು ಒಂದು ಕ್ಷಣ ನಿಂತು ಯೋಚಿಸಬೇಕು.

ಇಲ್ಲಿ ಹೆಸರು ಅವರದೇ. ಮುಖಪುಟದ ಮೇಲೆ ಸ್ಪಷ್ಟವಾಗಿ ಅಚ್ಚಾಗಿದೆ. ದನಿಯ ವಿಷಯ ಅಷ್ಟು ಸರಳವಲ್ಲ. ಗ್ರಂಥಮಾಲೆಯ ಹೆಸರನ್ನೇ ನೋಡಿ: ಸತಿಯರ ಹಿತವನ್ನು ಬಯಸುವವಳು. ಪತ್ರಿಕೆಯ ಹೆಸರು ಸನ್ಮಾರ್ಗವನ್ನು ತೋರಿಸುವವಳು. ಅವರ ಕಥೆಗಳಲ್ಲಿ ಸದ್ಗುಣಕ್ಕೆ ಜಯ, ದುರ್ಗುಣಕ್ಕೆ ಶಿಕ್ಷೆ. ಇಂದು ಓದುವವರಿಗೆ ಈ ಉಪದೇಶ ಬೇಸರ ತರಬಹುದು. ಆದರೆ ವಿಧವೆಯೊಬ್ಬಳು ಮೊದಲ ಸಲ ಹತ್ತು ಜನರೆದುರು ಬಾಯಿ ತೆರೆಯುವಾಗ ಆಕೆಯನ್ನು ಕೇಳಿಸಿಕೊಳ್ಳಲು ಜನ ಒಪ್ಪುತ್ತಿದ್ದ ಮಾತಿನ ಧಾಟಿ ಯಾವುದು? ಉಪದೇಶದ ಧಾಟಿ ಒಂದೇ. ಹೊನ್ನಮ್ಮ ಪತಿವ್ರತಾಧರ್ಮದ ಸೆರಗಿನಲ್ಲಿ ತನ್ನ ಪ್ರಶ್ನೆಯನ್ನು ಕಟ್ಟಿಕೊಂಡು ಬಂದಂತೆಯೇ ತಿರುಮಲಾಂಬಾ ಅವರೂ ಸನ್ಮಾರ್ಗದ ಸೆರಗಿನಲ್ಲಿ ಹೆಣ್ಣುಮಕ್ಕಳ ಓದಿನ ಹಕ್ಕನ್ನು ಕಟ್ಟಿಕೊಂಡು ಬಂದರು. ಆ ಹಕ್ಕನ್ನು ಅವರು ಬಿಡದೆ ಮತ್ತೆ ಮತ್ತೆ ಹೇಳಿದರು.

ಮುಂದಿನದು ದುಃಖದ ಕಥೆ. ಅವರ ಒಂದು ಕಾದಂಬರಿಯ ಬಗ್ಗೆ ಆ ಕಾಲದ ದೊಡ್ಡ ಸಾಹಿತಿಯೊಬ್ಬರು ಕಠಿಣವಾಗಿ ಬರೆದರೆಂದೂ ಅದರಿಂದ ನೊಂದು ಅವರು ಲೇಖನಿಯನ್ನು ಕೆಳಗಿಟ್ಟರೆಂದೂ ಹೇಳುವುದುಂಟು. ಒಂದು ವಿಮರ್ಶೆಯಿಂದ ಒಬ್ಬ ಲೇಖಕಿ ಸುಮ್ಮನಾಗುವುದುಂಟೇ ಎಂದು ಕೇಳಬಹುದು. ಪತ್ರಿಕೆ ನಡೆಸಿದ ದಣಿವು, ಹಣದ ತಾಪತ್ರಯ, ಬದಲಾದ ಅಭಿರುಚಿ ಎಲ್ಲವೂ ಸೇರಿರಬಹುದು. ನನಗೆ ತೋರುವುದೇನೆಂದರೆ, ಆ ಸಾಹಿತಿಯ ಮಾತು ನ್ಯಾಯವೋ ಅನ್ಯಾಯವೋ ಎಂಬುದಕ್ಕಿಂತ ಆಕೆಯ ಪರವಾಗಿ ಎರಡು ಮಾತು ಬರೆಯುವವರು ಆಗ ಯಾರೂ ಇರಲಿಲ್ಲವೆಂಬುದು ಮುಖ್ಯ. ಗಂಡಸರಿಗೆ ಕಟುವಿಮರ್ಶೆ ಬಂದರೆ ಸ್ನೇಹಿತರ ಬಳಗವಿತ್ತು, ಸಭೆಗಳಿದ್ದವು, ಸಾಹಿತ್ಯ ಪರಿಷತ್ತಿನ ಅಂಗಳವಿತ್ತು. ನಂಜನಗೂಡಿನ ಆ ಮನೆಯಲ್ಲಿದ್ದವರು ಅವರೊಬ್ಬರೇ.

ಅವರು ಬಹುಕಾಲ ಬದುಕಿದರು. ಕನ್ನಡದ ಓದುಗರು ಅವರನ್ನು ಮರೆತರು. ಅವರು ಇಲ್ಲವೆಂದೇ ಭಾವಿಸಿದವರೂ ಇದ್ದರು. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲೆಯಾಗಿದ್ದ ಚಿ. ನ. ಮಂಗಳಾ ಅವರು ಹುಡುಕಿಕೊಂಡು ಹೋದಾಗ ಮದರಾಸಿನಲ್ಲಿ ಅವರು ಸಿಕ್ಕರು. ತಿರುಮಲಾಂಬಾ ತೀರಿಕೊಂಡದ್ದು 1982ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ. ಬರೆದ ವರ್ಷಗಳಿಗಿಂತ ಬರೆಯದ ವರ್ಷಗಳೇ ಅವರ ಬಾಳಿನಲ್ಲಿ ಹೆಚ್ಚು. ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುವ ಪದ್ಧತಿ ಬಂದದ್ದು ಆಮೇಲೆ.

ಅವರ ದಾರಿಯಲ್ಲಿ ಬಂದವರಲ್ಲಿ ಬೆಂಗಳೂರಿನ ಆರ್. ಕಲ್ಯಾಣಮ್ಮನವರನ್ನು ಹೇಳದೆ ಮುಂದೆ ಹೋಗಲಾಗದು. ಅವರೂ ಬಾಲವಿಧವೆಯೇ. 1921ರಲ್ಲಿ ‘ಸರಸ್ವತಿ’ ಎಂಬ ಪತ್ರಿಕೆಯನ್ನು ಆರಂಭಿಸಿ ದಶಕಗಳ ಕಾಲ ನಡೆಸಿದರು. ಚಾಮರಾಜಪೇಟೆಯ ಮಕ್ಕಳ ಕೂಟವೂ ಅವರದೇ ಕೂಸು. ಒಬ್ಬರು ಮಾತನಾಡುವುದಕ್ಕೂ ಹತ್ತು ಜನ ಮಾತನಾಡಲು ಜಗಲಿ ಕಟ್ಟಿಕೊಡುವುದಕ್ಕೂ ವ್ಯತ್ಯಾಸವಿದೆ. ಕಲ್ಯಾಣಮ್ಮನವರು ಕಟ್ಟಿದ್ದು ಜಗಲಿ.

ಈಗ ಕೊಡಗಿಗೆ ಬರೋಣ. 1930ರ ದಶಕದ ಕನ್ನಡ ಪತ್ರಿಕೆಗಳಲ್ಲಿ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಿಂದ ಸಣ್ಣಕಥೆಗಳು ಬರುತ್ತಿದ್ದವು. ಈ ಹೆಸರಿನಲ್ಲಿ ಲೇಖಕಿಯದೆನ್ನುವ ಅಕ್ಷರ ಒಂದೂ ಇಲ್ಲ. ಇದ್ದದ್ದೆಲ್ಲ ಗಂಡನದು, ಉಳಿದದ್ದು ಇಂಗ್ಲಿಷರದು. ಆ ಲೇಖಕಿಯೇ ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಕಾಫಿತೋಟವೊಂದರಲ್ಲಿ ಕೆಲಸದಲ್ಲಿದ್ದ ಬಿ.ಟಿ. ಗೋಪಾಲಕೃಷ್ಣ ಅವರ ಕೈಹಿಡಿದವರು. ಟೆನಿಸ್ ಆಡುತ್ತಿದ್ದರು, ಹೊಳೆಯಲ್ಲಿ ಈಜುತ್ತಿದ್ದರು. 1934ರಲ್ಲಿ ಮಹಾತ್ಮಾ ಗಾಂಧಿಯವರು ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಹಿಡಿದು, ಅವರು ಬಂದ ಮೇಲೆ ಹರಿಜನ ನಿಧಿಗೆ ಮೈಮೇಲಿನ ಒಡವೆಗಳನ್ನು ಕೊಟ್ಟರು. ಗಾಂಧೀಜಿಯ ಅಸ್ತ್ರವನ್ನು ಗಾಂಧೀಜಿಯ ಮೇಲೆಯೇ ಪ್ರಯೋಗಿಸಿದ ಈ ಹುಡುಗಿಗೆ ಆಗ ಇಪ್ಪತ್ತೆರಡು ವರ್ಷವೂ ಇದ್ದಿರಲಾರದು.

ತಿರುಮಲಾಂಬಾ ಅವರಲ್ಲಿ ಹೆಸರು ಸ್ವಂತ, ಧಾಟಿ ಕಡತಂದದ್ದು. ಗೌರಮ್ಮನವರಲ್ಲಿ ಇದು ತಿರುಗುಮುರುಗು. ಅವರ ‘ವಾಣಿಯ ಸಮಸ್ಯೆ’ ಎಂಬ ಕಥೆಯನ್ನು ನೋಡೋಣ. ಇಂದು ಎಂಬ ಎಳೆಯ ವಿಧವೆ. ಪಕ್ಕದ ಮನೆಯಲ್ಲಿ ಗಂಡನೊಡನೆ ಇರುವ ವಾಣಿ. ಇಬ್ಬರಿಗೂ ಸ್ನೇಹವಾಗುತ್ತದೆ. ಸ್ನೇಹಿತೆಯ ಸಂಸಾರವನ್ನು ಹತ್ತಿರದಿಂದ ನೋಡುತ್ತ ಇಂದುವಿನ ಮನಸ್ಸಿನಲ್ಲಿ ತನಗೆ ಇಂಥದು ಇಲ್ಲವಲ್ಲ ಎಂಬ ನೋವು, ವಾಣಿಯ ಗಂಡನ ಕಡೆಗೆ ತಿಳಿಯದಂತೆ ಸುಳಿಯುವ ಒಲವು. ಅದರ ಅರಿವಾದೊಡನೆ ಅವಳು ಅಲ್ಲಿಂದ ಹೊರಟುಬಿಡುತ್ತಾಳೆ. ವಾಣಿಗೆ ಅವಳೇಕೆ ಹೋದಳೆಂಬುದು ತಿಳಿಯದು. ಅದೇ ವಾಣಿಯ ಸಮಸ್ಯೆ. ಹಿಂದಿನವರಾಗಿದ್ದರೆ ಈ ವಿಧವೆಯನ್ನು ಸಾಧ್ವಿ ಮಾಡುತ್ತಿದ್ದರು, ಇಲ್ಲವೆ ಪತಿತೆ ಮಾಡುತ್ತಿದ್ದರು. ಗೌರಮ್ಮ ಎರಡನ್ನೂ ಮಾಡಲಿಲ್ಲ. ಅವಳಿಗೆ ಆಸೆಯಾಯಿತು ಎಂದರು, ಅವಳು ಹೊರಟುಹೋದಳು ಎಂದರು, ಸುಮ್ಮನಾದರು. ತಮ್ಮ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿ, ತೀರ್ಪನ್ನು ಓದುವವರಿಗೆ ಬಿಡುವ ಈ ರೀತಿಯಲ್ಲಿಯೇ ಅವರ ಸ್ವಂತ ದನಿಯಿದೆ. ‘ಅಪರಾಧಿ ಯಾರು?’ ಎಂಬುದು ಅವರ ಇನ್ನೊಂದು ಕಥೆಯ ಹೆಸರು. ಪ್ರಶ್ನಾರ್ಥಕ ಚಿಹ್ನೆಯನ್ನು ಹೆಸರಿನಲ್ಲಿಯೇ ಇಟ್ಟುಬಿಟ್ಟರು.

1939ರ ಏಪ್ರಿಲ್ 13ರಂದು ಈಜಲು ಹೋದ ಗೌರಮ್ಮ ಹೊಳೆಯ ಪಾಲಾದರು. ಇಪ್ಪತ್ತೇಳು ವರ್ಷ. ದೊರೆತಿರುವ ಕಥೆಗಳು ಇಪ್ಪತ್ತರ ಆಸುಪಾಸು. ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳು ಅವರು ಹೋದ ಮೇಲೆ ಬೆಳಕು ಕಂಡವು. ತಂಗಿಯೆಂದು ಅವರನ್ನು ಕರೆಯುತ್ತಿದ್ದ ಬೇಂದ್ರೆಯವರು ‘ತಂಗಿ ಗೌರಮ್ಮ’ ಎಂಬ ಕವನ ಬರೆದರು.

ಸ್ವಾತಂತ್ರ್ಯ ಬಂದ ಮೇಲೆ ಹೆಣ್ಣುಮಕ್ಕಳ ಓದು ಹೆಚ್ಚಿತು, ಬರೆಯುವವರೂ ಹೆಚ್ಚಿದರು. ಈ ಕಾಲದಲ್ಲಿ ಬಾಯಿ ಮುಚ್ಚಿಸಲು ಹೊಸದೊಂದು ಉಪಾಯ ಬಂತು. ಅದು ಒಂದು ಮಾತು: ‘ಅಡುಗೆಮನೆಯ ಸಾಹಿತ್ಯ’. ಲೇಖಕಿಯರ ಕಾದಂಬರಿಗಳನ್ನು ಓದದೆಯೇ ಪಕ್ಕಕ್ಕೆ ಸರಿಸಲು ಈ ಮಾತು ಬಹಳ ಅನುಕೂಲವಾಗಿತ್ತು. ರಣರಂಗದ ಮೇಲೆ ಬರೆದ ಕಾವ್ಯವನ್ನು ಆಯುಧಶಾಲೆಯ ಸಾಹಿತ್ಯವೆಂದು ನಾವು ಹಳಿಯುವುದಿಲ್ಲ. ಒಲೆಯ ಮುಂದೆ ನಡೆಯುವ ಸೋಲು ಗೆಲವುಗಳು ಮಾತ್ರ ಸಣ್ಣವೆನಿಸುವುದೇಕೋ ತಿಳಿಯದು.

ಇದಕ್ಕೆ ಉತ್ತರ ವಾದದಿಂದ ಬರಲಿಲ್ಲ, ಓದುಗರಿಂದ ಬಂತು. ತ್ರಿವೇಣಿ ಎಂಬ ಕಾವ್ಯನಾಮದ ಅನಸೂಯಾ ಶಂಕರ್ ಅವರ ಮೊದಲ ಕಾದಂಬರಿ ‘ಅಪಸ್ವರ’ ಪ್ರಕಟವಾದದ್ದು 1953ರಲ್ಲಿ. ಅಲ್ಲಿಂದ ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳು ಬಂದವು. ಬಾಡಿಗೆಗೆ ಪುಸ್ತಕ ಕೊಡುವ ವಾಚನಾಲಯಗಳಲ್ಲಿ ಹೆಂಗಸರು ಸರದಿ ಕಾದು ಇವುಗಳನ್ನು ಓದಿದರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು ಆ ವಿದ್ಯೆಯನ್ನು ಮನೆಯೊಳಕ್ಕೆ ತಂದರು. ‘ಶರಪಂಜರ’ದ ಕಾವೇರಿ ಬಾಣಂತಿತನದಲ್ಲಿ ಮನೋರೋಗಕ್ಕೆ ತುತ್ತಾಗಿ, ಆಸ್ಪತ್ರೆಯಲ್ಲಿ ಗುಣವಾಗಿ ಹಿಂದಿರುಗುತ್ತಾಳೆ. ವೈದ್ಯರು ಗುಣವಾಗಿದೆ ಎನ್ನುತ್ತಾರೆ, ಮನೆಯವರು ಒಪ್ಪುವುದಿಲ್ಲ. ಅವಳು ನಕ್ಕರೆ ಸಂಶಯ, ಅತ್ತರೆ ಸಂಶಯ, ಸುಮ್ಮನಿದ್ದರೂ ಸಂಶಯ. ಏನನ್ನು ಹೇಳಿದರೂ ಹುಚ್ಚಿಯ ಮಾತೆಂದೇ ಎಣಿಸುವ ಜನರ ನಡುವೆ ಒಬ್ಬ ಹೆಣ್ಣು ತನ್ನ ಮಾತನ್ನು ಹೇಗೆ ಉಳಿಸಿಕೊಂಡಾಳು? ಹೆಣ್ಣಿನ ಮಾತು ಅಡಗುವ ಬಗೆಯನ್ನು ಇದಕ್ಕಿಂತ ನಿಷ್ಠುರವಾಗಿ ಹೇಳಿದ ಕನ್ನಡ ಕಾದಂಬರಿ ನನಗೆ ನೆನಪಾಗುವುದಿಲ್ಲ. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಚಿತ್ರ ಮಾಡಿದ ಮೇಲೆ ಓದು ಬಾರದವರಿಗೂ ಕಾವೇರಿಯ ಪರಿಚಯವಾಯಿತು. ಅದನ್ನು ನೋಡಲು ತ್ರಿವೇಣಿ ಇರಲಿಲ್ಲ. 1963ರ ಜುಲೈ ತಿಂಗಳಲ್ಲಿ, ಹೆಣ್ಣುಮಗುವಿಗೆ ಜನ್ಮಕೊಟ್ಟ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡಿದ್ದರು.

ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂತು. ಅವರು ಹುಟ್ಟಿದ್ದು 1917ರಲ್ಲಿ; ಅಂದರೆ ನಲವತ್ತೈದು ದಾಟಿದ ಮೇಲೆ ಕಾದಂಬರಿಕಾರ್ತಿಯಾದವರು. ಚಿಕ್ಕಂದಿನಲ್ಲೇ ಮದುವೆ, ಶಾಲೆಯ ಓದು ಅಲ್ಪ. ಆದರೆ ಮಲೆನಾಡಿನ ಮನೆಗಳಲ್ಲಿ ಹೆಂಗಸರು ಹೆಂಗಸರಿಗೆ ಹೇಳುವ ಮಾತುಗಳ ಭಂಡಾರ ಅವರಲ್ಲಿತ್ತು. 1976ರಲ್ಲಿ ಬಂದ ‘ಫಣಿಯಮ್ಮ’ ಅವರ ವಂಶದಲ್ಲೇ ಬಾಳಿದ್ದ ಒಬ್ಬ ಬಾಲವಿಧವೆಯ ಕಥೆ. ಆಕೆ ಇಂದಿರಾ ಅವರ ತಾಯಿಗೆ ಹೇಳಿದ್ದು, ತಾಯಿ ಮಗಳಿಗೆ ಹೇಳಿದ್ದು, ಮಗಳು ಬರೆದದ್ದು. ಹೀಗೆ ಒಂದು ದನಿ ಮೂರು ಬಾಯಿಗಳನ್ನು ದಾಟಿ ಅಚ್ಚಿಗೆ ಬಂತು. ಫಣಿಯಮ್ಮ ಕೇಶಮುಂಡನ ಮಾಡಿಸಿಕೊಂಡು, ಒಪ್ಪೊತ್ತು ಉಂಡು, ಎಲ್ಲರ ಬಾಣಂತನ ಮಾಡಿ, ಗೊಣಗದೆ ಬಾಳಿದವಳು. ಆದರೆ ಮನೆತನದ ಇನ್ನೊಬ್ಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಾಗ, ಎಲ್ಲರೂ ಅವಳ ಮೇಲೆ ಬಿದ್ದಾಗ, ಈ ಮುದುಕಿ ಅವಳ ಪಕ್ಷ ವಹಿಸುತ್ತಾಳೆ. ಜನ್ಮವೆಲ್ಲ ಆಡದೆ ಉಳಿದ ಮಾತನ್ನು ತನಗಾಗಿ ಆಡದೆ ಇನ್ನೊಬ್ಬಳಿಗಾಗಿ ಆಡಿದಳು. ಪ್ರೇಮಾ ಕಾರಂತರ ಚಿತ್ರವನ್ನು ನೋಡಿದವರಿಗೆ ಆ ಮೌನದ ಮುಖ ನೆನಪಿದ್ದೀತು.

ಹೆಸರಿನ ವಿಷಯಕ್ಕೆ ಮತ್ತೆ ಬರಬೇಕು. ಕುಂದಾಪುರದ ಜಾನಕಿ ಎಂಬ ಯುವತಿ ‘ಸುಧಾ’ ವಾರಪತ್ರಿಕೆಗೆ ಒಂದು ಬರಹ ಕಳುಹಿಸಿದರು. ಅದು ನಿಜವಾಗಿ ನಡೆದ ಸಂಗತಿ; ಪ್ರಕಟವಾದರೆ ಮನೆಯಲ್ಲಿ, ಊರಲ್ಲಿ ಏನೆಂದಾರೋ ಎಂಬ ಅಳುಕು ಆಮೇಲೆ ಹುಟ್ಟಿ, ಅಚ್ಚು ಮಾಡಬೇಡಿರೆಂದು ಬರೆದರು. ಸಂಪಾದಕರು ಬರಹವನ್ನು ಕೈಬಿಡಲಿಲ್ಲ. ಹೆಸರನ್ನು ಬದಲಾಯಿಸಿ ‘ವೈದೇಹಿ’ ಎಂದು ಅಚ್ಚು ಹಾಕಿದರು. ಜಾನಕಿಗೂ ವೈದೇಹಿಗೂ ಏನು ಭೇದ? ರಾಮಾಯಣದಲ್ಲಿ ಭೇದವಿಲ್ಲ. ಕುಂದಾಪುರದಲ್ಲಿ ಬಹಳ ಭೇದವಿತ್ತು. ಆ ಹೆಸರಿನ ಮರೆಯಲ್ಲಿ ನಿಂತು ಅವರು ಕುಂದಾಪುರದ ಹೆಂಗಸರ ಮಾತನ್ನು, ಆ ಮಾತಿನ ಏರಿಳಿತವನ್ನು, ಅರ್ಧಕ್ಕೆ ನುಂಗಿದ ವಾಕ್ಯಗಳನ್ನು ಕಥೆಗೆ ತಂದರು. ಬಾನುಲಿಯನ್ನು ಕೇಳಿ ಅಭ್ಯಾಸವಿರುವ ನಮಗೆ ಇದು ಹೊಸದಲ್ಲ. ಹೇಳಿದವರ ಹೆಸರು ಮರೆತರೂ ದನಿಯ ಗುರುತು ಹತ್ತುತ್ತದೆ. ಅವರ ‘ಕ್ರೌಂಚಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದಕ್ಕೆ ಐದು ವರ್ಷ ಮೊದಲು, 2004ರಲ್ಲಿ, ಕಲಬುರಗಿಯ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ ಅದೇ ಪ್ರಶಸ್ತಿ ದೊರೆತಿತ್ತು. ಕನ್ನಡದ ಲೇಖಕಿಗೆ ಅದು ಬಂದದ್ದು ಅದೇ ಮೊದಲು. ಅಕಾಡೆಮಿ ತನ್ನ ಪ್ರಶಸ್ತಿಗಳನ್ನು ಕೊಡತೊಡಗಿದ್ದು 1955ರಲ್ಲಿ ಎಂಬುದನ್ನು ಜೊತೆಗಿಟ್ಟು ನೋಡಿದರೆ, ಕಾದ ಕಾಲ ಎಷ್ಟೆಂದು ತಿಳಿಯುತ್ತದೆ. ಗಿರಣಿ ಕಾರ್ಮಿಕರೊಬ್ಬರ ಮಗಳಾದ ಗೀತಾ ಅವರು ತಮ್ಮ ಸೀಮೆಯ ದುಡಿಯುವ ಜನರ ಆಡುಮಾತನ್ನು ತಿದ್ದದೆ, ಮೈಸೂರಿನ ಕಡೆಯವರಿಗಾಗಿ ತಿಳಿಯಾಗಿಸದೆ ಬರೆದವರು.

ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಹುಮಾನವನ್ನು ಪಡೆದ ಸುದ್ದಿ ಎಲ್ಲರಿಗೂ ಗೊತ್ತು. ಮುಸ್ಲಿಂ ಮನೆಗಳ ಒಳಗನ್ನು ಒಳಗಿನವರಾಗಿಯೇ ಬರೆದು, ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರವನ್ನು ಉಂಡವರು ಅವರು. ಆ ಹನ್ನೆರಡು ಕಥೆಗಳನ್ನು ಅನುವಾದಿಸಿದ ದೀಪಾ ಭಾಸ್ತಿ ಅವರು ಮಡಿಕೇರಿಯವರು. ಅದಕ್ಕೂ ಮೊದಲು, 2023ರಲ್ಲಿ, ಅವರು ತಮ್ಮ ಊರಿನ ಇನ್ನೊಬ್ಬ ಲೇಖಕಿಯ ಕಥೆಗಳನ್ನು ಇಂಗ್ಲಿಷಿಗೆ ತಂದಿದ್ದರು. ಆ ಪುಸ್ತಕದ ಮುಖಪುಟದಲ್ಲಿ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದಿಲ್ಲ; ಕೊಡಗಿನ ಗೌರಮ್ಮ ಎಂದಿದೆ.